“ಯಾವ ಕೆರೆ ಸರ್? ಹೆಸರು ಯಾಕೆ ಹಾಕಲ್ಲ?”

ಚಳಿಗಾಲ ಬಂತೆಂದರೆ ಈ ಪ್ರಶ್ನೆಯೂ ಬಂತು. ಹೆಬ್ಬಾತಿನ ಫೋಟೋ ಹಾಕಿ ಹತ್ತು ನಿಮಿಷ ಆಗಿರುವುದಿಲ್ಲ, ಕೆಳಗೆ “ಯಾವ ಕೆರೆ ಸರ್?”, “ಲೊಕೇಶನ್ ಪ್ಲೀಸ್” ಅಂತ ಸಾಲು ಹತ್ತುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಒಳ್ಳೆಯವರೇ, ಹಕ್ಕಿ ನೋಡುವ ಆಸೆಯವರೇ. ಪ್ರತಿ ವರ್ಷ ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಈ ಸಲ ಸ್ವಲ್ಪ ಉದ್ದವಾಗಿಯೇ.

ಹೆಸರು ಹಾಕದಿರಲು ಕಾರಣ ಬೇಟೆ. ಬೇಟೆ ಎಂದ ಕೂಡಲೇ ನಿಮಗೆ ಕೋವಿ ನೆನಪಾಗುತ್ತದೆ, ಅಲ್ವಾ? ಹಕ್ಕಿ ಹಿಡಿಯಲು ಕೋವಿ ಬೇಕಾಗಿಲ್ಲ. ಹೊಲದ ಬದುವಿಗೆ ನೈಲಾನ್ ಬಲೆ ಕಟ್ಟಿ, ರಾತ್ರಿ ಸ್ಪೀಕರಿನಲ್ಲಿ ಲಾವಕ್ಕಿಯ ಕೂಗು ಹಾಕಿಟ್ಟರೆ ಸಾಕು, ಹಕ್ಕಿ ತಾನಾಗಿ ಬಂದು ಬೀಳುತ್ತದೆ. ಕೆರೆಯಲ್ಲಾದರೆ ಜೊಂಡಿನ ನಡುವೆ ಉರುಳು. ಇದೆಲ್ಲ ಅಪರಾಧ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬಲೆ ಹಾಕುವುದು, ಉರುಳು ಒಡ್ಡುವುದು, ಮೊಟ್ಟೆ ಕೀಳುವುದು ಎಲ್ಲವೂ ಬೇಟೆಯೇ. ಆದರೂ ಮಾಡುವವರು ಮಾಡುತ್ತಾರೆ. ಅವರಿಗೆ ಬೇಕಿರುವುದು ಹಕ್ಕಿ ಎಲ್ಲಿ ಇಳಿದಿದೆ ಎನ್ನುವ ಒಂದು ಮಾತು. ಅದನ್ನು ನಾವೇ ಮ್ಯಾಪ್ ಸಮೇತ ಕೊಡುತ್ತೇವೆ.

ನಾನೂ ಒಮ್ಮೆ ಕೊಟ್ಟಿದ್ದೆ. ಒಂದು ಸಣ್ಣ ಕೆರೆ, ಸೂಜಿಬಾಲದ ಬಾತುಗಳು ನೂರಾರು. ಸಂತೋಷ ತಡೆಯಲಾಗದೆ ಹೆಸರು ಹಾಕಿಬಿಟ್ಟೆ. ಮುಂದಿನ ತಿಂಗಳು ಹೋದಾಗ ಏರಿಯ ಕೆಳಗಿನ ಜಾಲಿ ಮುಳ್ಳಿಗೆ ತುಂಡು ಬಲೆ ಸಿಕ್ಕಿಹಾಕಿಕೊಂಡಿತ್ತು. ಕೂದಲಿನಷ್ಟು ತೆಳ್ಳನೆ ದಾರ. ಅದರಲ್ಲಿ ಒಂದು ಬಾತಿನ ಕಾಲು, ಬೆರಳಿನ ನಡುವಿನ ಚರ್ಮ ಒಣಗಿ ಮುದುಡಿಕೊಂಡಿತ್ತು. ಹಕ್ಕಿ ಇರಲಿಲ್ಲ, ಕಾಲಷ್ಟೇ. ನನ್ನ ಪೋಸ್ಟ್ ನೋಡಿಯೇ ಬಂದರೋ ಇಲ್ಲವೋ ಹೇಳಲಾರೆ. ಆದರೆ ಅವತ್ತಿನಿಂದ ಹೆಸರು ಹಾಕಿಲ್ಲ.

ಇಷ್ಟು ಹೇಳಿದ ಮೇಲೂ ಒಬ್ಬರಾದರೂ ಬರುತ್ತಾರೆ. “ಸರ್, ಭರತಪುರದಲ್ಲಿ ಒಂದೇ ದಿನ ನಾಲ್ಕು ಸಾವಿರ ಹಕ್ಕಿ ಹೊಡೆದರಂತೆ. ಆದರೂ ಅಲ್ಲಿ ಹಕ್ಕಿ ಮುಗಿಯಲಿಲ್ಲ. ನಮ್ಮೂರ ಹುಡುಗರು ನಾಲ್ಕು ಹಿಡಿದರೆ ಏನಾಗುತ್ತೆ?” ಈ ಮಾತನ್ನು ಓದಿದವರೂ ಹೇಳುತ್ತಾರೆ. ಇದು ತಪ್ಪು. ಎಲ್ಲಿ ತಪ್ಪು ಅಂತ ಬಿಡಿಸಿ ಹೇಳಬೇಕು.

ಲೆಕ್ಕ ನಿಜ. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಪಕ್ಷಿ ಉದ್ಯಾನದಲ್ಲಿ, ಗುಡಿಯ ಹತ್ತಿರ, ಕಲ್ಲಿನ ಫಲಕಗಳಿವೆ. ಯಾವತ್ತು ಶಿಕಾರಿ, ಅತಿಥಿ ಯಾರು, ಎಷ್ಟು ಕೋವಿ, ಎಷ್ಟು ಹಕ್ಕಿ ಬಿತ್ತು, ಎಲ್ಲ ಕೆತ್ತಿಸಿದ್ದಾರೆ. ಪಟ್ಟಿ 1902ರಲ್ಲಿ ಲಾರ್ಡ್ ಕರ್ಜನ್ ಬಂದಾಗಿನಿಂದ ಶುರು. 1938ರ ನವೆಂಬರ್ 12, ವೈಸ್‌ರಾಯ್ ಲಿನ್‌ಲಿತ್‌ಗೋ, 4,273 ಹಕ್ಕಿ. ಎಲ್ಲರೂ ಈ ಅಂಕಿಯನ್ನೇ ನೆನಪಿಡುತ್ತಾರೆ. ದಿನಾಂಕದ ಸಾಲನ್ನು ಯಾರೂ ಓದುವುದಿಲ್ಲ. ದಯವಿಟ್ಟು ಅದನ್ನು ಓದಿ. ಒಂದು ಶಿಕಾರಿಗೂ ಮುಂದಿನದಕ್ಕೂ ನಡುವೆ ಎಷ್ಟು ದಿನ ಅಂತ ನೋಡಿ. ಚಳಿಗಾಲದಲ್ಲಿ ಬೆರಳೆಣಿಕೆಯ ದಿನ ಕೋವಿ ಸದ್ದು, ಉಳಿದ ದಿನವೆಲ್ಲ ಹಕ್ಕಿಗೆ ಬಿಡುವು. ಮಹಾರಾಜರ ಜಾಗ ಅದು, ಕರೆ ಬಂದವರಿಗೆ ಮಾತ್ರ ಪ್ರವೇಶ. ಅಜಾನ್ ಬಂಡ್ ಕಟ್ಟೆಯಿಂದ ನೀರು ಹರಿಸಿ ಜೌಗನ್ನು ತುಂಬಿಸಿಡುತ್ತಿದ್ದರು. ಕೊಂದದ್ದು ಘೋರವೇ, ನಾನು ಅದನ್ನು ಸಮರ್ಥಿಸುತ್ತಿಲ್ಲ. ಆದರೆ ನಿಮ್ಮೂರ ಕೆರೆಗೆ ಈ ಬಿಡುವು ಎಲ್ಲಿದೆ? ಇಲ್ಲಿ ಬಲೆ ದಿನಾ ಇರುತ್ತದೆ. ಕಾವಲು ಇಲ್ಲ. ಬೈಕ್ ಇದ್ದವರೆಲ್ಲ ಬರಬಹುದು.

ಇನ್ನೊಂದು, ಇದೇ ಮುಖ್ಯ. ಸತ್ತ ನಾಲ್ಕು ಹಕ್ಕಿ ಅಷ್ಟೇ ನಷ್ಟ ಅಂತ ಲೆಕ್ಕ ಹಾಕುವುದೇ ಸರಿಯಲ್ಲ. ಬದುಕಿ ಉಳಿದವನ್ನು ನೋಡಿ. ಅದೇ ಸಣ್ಣ ಕೆರೆಯಲ್ಲಿ ಮೊದಲು ನಾನು ಏರಿಯ ಮೇಲೆ ಕೂತರೆ ಬಾತುಗಳು ಸುಮ್ನೆ ಸ್ವಲ್ಪ ಆಚೆ ಈಜಿಕೊಂಡು ಹೋಗಿ ಮತ್ತೆ ಮೇಯುತ್ತಿದ್ದವು. ಆಮೇಲೆ ಬೈಕ್ ನಿಂತ ಸದ್ದಿಗೇ ಇಡೀ ಹಿಂಡು ಎದ್ದು ಹಾರುತ್ತಿತ್ತು, ಎರಡು ಸುತ್ತು ಹಾಕಿ, ಕೂರಲೋ ಬೇಡವೋ ಅನ್ನುವಂತೆ ಇಳಿದು, ಯಾರಾದರೂ ಅಲುಗಾಡಿದರೆ ಮತ್ತೆ ಹಾರುತ್ತಿತ್ತು. ಪ್ರತಿ ಸಲ ಹಾರಿದಾಗಲೂ ಮೇಯುವ ಹೊತ್ತು ಹೋಯಿತು, ಮೈಯ ಕೊಬ್ಬು ಕರಗಿತು. ಪಟ್ಟೆತಲೆ ಹೆಬ್ಬಾತು ಮಂಗೋಲಿಯಾದಿಂದ ನಮ್ಮ ಕೆರೆಗೆ ಬರುತ್ತದೆ. ವಾಪಸ್ ಹೋಗುವಾಗ ಹಿಮಾಲಯ ದಾಟಬೇಕು. ಆ ದಾರಿಯ ಬುತ್ತಿ ಕಟ್ಟಿಕೊಳ್ಳುವುದು ಇಲ್ಲಿಯ ಹೊಲ, ಕೆರೆಗಳಲ್ಲಿ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಡೆನ್ಮಾರ್ಕಿನಲ್ಲಿ ಎರಡು ಜೌಗುಗಳ ಕೆಲವು ಭಾಗಗಳಲ್ಲಿ ಬೇಟೆ ನಿಲ್ಲಿಸಿ, ಉಳಿದ ಕಡೆ ನಡೆಯಲು ಬಿಟ್ಟು ನೋಡಿದರು. ನೀರುಹಕ್ಕಿಗಳು ಬೇಟೆಯಿಲ್ಲದ ಕಡೆಗೆ ಸರಿದವು, ಸಂಖ್ಯೆ ಜಾಸ್ತಿಯಾಯಿತು. ಜಾಗ ಮೊದಲೂ ಅದೇ, ಆಹಾರವೂ ಅಲ್ಲೇ ಇತ್ತು. ಭಯ ಹೋಯಿತು, ಅಷ್ಟೇ.

ಭರತಪುರದಲ್ಲಿ ಹಕ್ಕಿ ಮುಗಿಯಲಿಲ್ಲ ಅನ್ನುವವರಿಗೆ ಒಂದು ಹಕ್ಕಿಯ ಹೆಸರು ಹೇಳುತ್ತೇನೆ: ಸೈಬೀರಿಯಾದ ಬಿಳಿ ಕೊಕ್ಕರೆ, ಸೈಬೀರಿಯನ್ ಕ್ರೇನ್. 1960ರ ದಶಕದಲ್ಲಿ ಅಲ್ಲಿಗೆ ನೂರಕ್ಕೂ ಹೆಚ್ಚು ಬರುತ್ತಿದ್ದವು. 1964ಕ್ಕೆ ದೊಡ್ಡ ಶಿಕಾರಿಗಳು ನಿಂತವು, ಆಮೇಲೆ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಇಷ್ಟೆಲ್ಲ ಕಾವಲು ಇದ್ದರೂ 2002ರ ನಂತರ ಒಂದೂ ಬರಲಿಲ್ಲ. ಬರುವ ದಾರಿಯಲ್ಲಿ, ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನದಲ್ಲಿ ಬೇಟೆ ನಡೆಯುತ್ತಿತ್ತು. ಅಲ್ಲಿಯೂ ಒಬ್ಬೊಬ್ಬರು ಹೊಡೆದದ್ದು ಒಂದೋ ಎರಡೋ ಇರಬಹುದು. “ನಾಲ್ಕು ಹಿಡಿದರೆ ಏನಾಗುತ್ತೆ” ಅಂದರೆ ಇದೇ ಆಗುತ್ತೆ.

ಹಾಗಾದರೆ ಮಾಗಡಿ ಕೆರೆಯ ಹೆಸರು ನಾನೇ ಯಾಕೆ ಹೇಳುತ್ತೇನೆ? ಇದನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಾಗಿತ್ತು. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗುಗಳ ಪಟ್ಟಿಗೆ, ಸೇರಿದೆ. ಅಲ್ಲಿ ಇಲಾಖೆಯ ಕಣ್ಣಿದೆ, ಊರವರ ಕಣ್ಣಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಮುಂದಿನ ಮರದಲ್ಲೇ ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟುತ್ತದೆ, ಕಲ್ಲೆಸೆದರೆ ಅಜ್ಜಿಯೇ ಬೈಯುತ್ತಾರೆ. ಅಂಥ ಕಡೆ ಹೆಸರು ಹರಡಿದಷ್ಟೂ ಒಳ್ಳೆಯದು. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ವಿಷಯ ನಿಮಗೆ ಗೊತ್ತಿರಬಹುದು. 2012ರಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಅಮುರ್ ಚಾಣಗಳನ್ನು (ಅಮುರ್ ಫಾಲ್ಕನ್, ವಲಸೆ ಬರುವ ಪುಟ್ಟ ಬೇಟೆಹಕ್ಕಿ) ಬಲೆಗೆ ಕೆಡವಿದರು ಅಂತ ಅಂದಾಜು. ವಿಡಿಯೋ ಹೊರಬಂದು ಜಗತ್ತಿಗೆಲ್ಲ ಗೊತ್ತಾಯಿತು. ಅಲ್ಲಿನ ಪಾಂಗ್ತಿ ಊರಿನವರು ತಾವೇ ಕೂತು ಮಾತಾಡಿ ಬೇಟೆ ನಿಲ್ಲಿಸಿದರು. 2013ರಲ್ಲಿ ಬಲೆ ಬೀಳಲಿಲ್ಲ. ಅಲ್ಲಿ ಪ್ರಚಾರವೇ ಹಕ್ಕಿಯನ್ನು ಉಳಿಸಿತು. ಯಾಕೆಂದರೆ ಸುದ್ದಿ ತಲುಪಿದಾಗ ಅದನ್ನು ಕೈಗೆತ್ತಿಕೊಳ್ಳಲು ಊರು ಇತ್ತು.

ನನ್ನ ಸಣ್ಣ ಕೆರೆಗೆ ಸದ್ಯಕ್ಕೆ ಇರುವುದು ಮೀನು ಗುತ್ತಿಗೆಯ ಒಬ್ಬ ಅಣ್ಣ ಮಾತ್ರ. ರಾತ್ರಿ ಕಾವಲಿಗೆ ಅವರು ಮಲಗುವುದು ವಾರಕ್ಕೆ ಎರಡು ದಿನ. ಈ ಡಿಸೆಂಬರಿನಲ್ಲಿ ಪಕ್ಕದ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಬೈನಾಕ್ಯುಲರಿನಲ್ಲಿ ಬಾತು ತೋರಿಸುವುದು ಅಂತ ಅಣ್ಣನ ಹತ್ತಿರ ಮಾತಾಗಿದೆ. ಆ ಊರವರೇ “ಹಾಕಿ ಸರ್ ನಮ್ಮ ಕೆರೆ ಹೆಸರು” ಅಂದ ದಿನ ಹಾಕುತ್ತೇನೆ. ಅಲ್ಲಿಯವರೆಗೆ ಫೋಟೋ ಕೆಳಗೆ ಜಿಲ್ಲೆಯ ಹೆಸರಷ್ಟೇ ಇರುತ್ತದೆ.