ಬಯೋಮೆಡಿಕಲ್ ಸೈನ್ಸ್: ಇಲ್ಲೇ ಓದಿಸುವುದೋ, ಹೊರದೇಶಕ್ಕೆ ಕಳಿಸುವುದೋ?

ಪ್ರಶ್ನೆ: ನಮ್ಮ ಮಗಳು ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ನೀಟ್‌ನಲ್ಲಿ ಅರ್ಹಳಾಗಿದ್ದರೂ ಎಂಬಿಬಿಎಸ್ ಸೀಟು ಸಿಗುವ ರ್‍ಯಾಂಕ್ ಬಂದಿಲ್ಲ. ಈಗ ಬಯೋಮೆಡಿಕಲ್ ಸೈನ್ಸ್ ಓದುತ್ತೇನೆ ಎನ್ನುತ್ತಾಳೆ. ಇಂಗ್ಲೆಂಡಿಗೆ ಇಲ್ಲವೇ ಆಸ್ಟ್ರೇಲಿಯಾಕ್ಕೆ ಕಳಿಸಿದರೆ ಮುಂದೆ ಅಲ್ಲಿಯೇ ಡಾಕ್ಟರ್ ಆಗಬಹುದು ಎಂದು ಏಜೆಂಟರು ಹೇಳುತ್ತಿದ್ದಾರೆ. ಎಲ್ಲಿ ಓದಿಸುವುದು ಒಳ್ಳೆಯದು?
ಪಾಲಕರೊಬ್ಬರು, ಇಂಡಿ ತಾಲ್ಲೂಕು

ಉತ್ತರ: ನೀಟ್ ಫಲಿತಾಂಶ ಬಂದು ಹದಿನೈದು ದಿನ ಕಳೆಯುವುದರೊಳಗೆ ಪ್ರತಿ ವರ್ಷ ಈ ಪ್ರಶ್ನೆ ನನ್ನ ಬಳಿ ಬರುತ್ತದೆ. ಊರು ಬೇರೆಯಾಗಿರುತ್ತದೆ, ಮಗಳ ಬದಲು ಮಗನಿರುತ್ತಾನೆ, ಇಂಗ್ಲೆಂಡಿನ ಜಾಗದಲ್ಲಿ ಐರ್ಲೆಂಡ್ ಇರುತ್ತದೆ, ಆದರೆ ಪ್ರಶ್ನೆ ಮಾತ್ರ ಇದೇ. ವಿಜಯಪುರದಲ್ಲಿ ಇಷ್ಟು ವರ್ಷ ಜೀವಶಾಸ್ತ್ರ ಕಲಿಸಿದ ನಾನು ಇದಕ್ಕೆ ಮನೆಯ ಕಟ್ಟೆಯ ಮೇಲೆ, ಮದುವೆಯ ಊಟದ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ ಉತ್ತರ ಹೇಳಿದ್ದೇನೆ. ಈ ಸಲ ಒಮ್ಮೆ ಬರೆದೇ ಇಡುತ್ತೇನೆ.

ನನ್ನ ಅಭಿಪ್ರಾಯ ಇಷ್ಟು: ಮೊದಲ ಪದವಿಯನ್ನು ಭಾರತದಲ್ಲಿ ಓದಿಸಿ, ಹೊರದೇಶದ ಮಾತನ್ನು ಪಿಎಚ್.ಡಿ. ಹೊತ್ತಿಗೆ, ಹೆಚ್ಚೆಂದರೆ ಎಂ.ಎಸ್ಸಿ. ಹೊತ್ತಿಗೆ ಎತ್ತಿಕೊಳ್ಳಿ. ಆದರೆ ನಿಮ್ಮ ಪ್ರಶ್ನೆಯೊಳಗೆ ಇನ್ನೊಂದು ನಂಬಿಕೆ ಕುಳಿತಿದೆ. ಅದನ್ನು ಮೊದಲು ಎಬ್ಬಿಸಿ ಕಳಿಸದೆ ಮುಂದಿನ ಯಾವ ಮಾತೂ ಪ್ರಯೋಜನಕ್ಕೆ ಬರುವುದಿಲ್ಲ.

“ಸರ್ರ, ಅಲ್ಲಿ ಬಯೋಮೆಡಿಕಲ್ ಮುಗಿಸಿದ್ರ ಮುಂದ ಹಂಗೇ ಡಾಕ್ಟರ್ ಮಾಡ್ತಾರಂತಲ್ರೀ?” ಎಂದು ಕೇಳದ ತಂದೆಯನ್ನು ನಾನು ಇನ್ನೂ ಕಂಡಿಲ್ಲ. ಹಾಗೆ ಯಾರೂ ಮಾಡುವುದಿಲ್ಲ. ರೋಗ ಹೇಗೆ ಹುಟ್ಟುತ್ತದೆ, ಸೋಂಕು ತಗುಲಿದಾಗ ಜೀವಕೋಶದಲ್ಲಿ ಏನಾಗುತ್ತದೆ, ಔಷಧಿ ದೇಹದಲ್ಲಿ ಎಲ್ಲಿ ಹೋಗಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ನಿಂತು ತಿಳಿಯುವ ಶಾಸ್ತ್ರ ಬಯೋಮೆಡಿಕಲ್ ಸೈನ್ಸ್. ಅದನ್ನು ಓದಿದವರ ಮುಂದೆ ರೋಗಿಯ ರಕ್ತದ ಮಾದರಿ ಇರುತ್ತದೆ, ರೋಗಿ ಇರುವುದಿಲ್ಲ. ಮುಂದೆ ಪಿಎಚ್.ಡಿ. ಪಡೆದು ಹೆಸರಿನ ಹಿಂದೆ ‘ಡಾ.’ ಎಂದು ಬರೆದುಕೊಂಡರೂ ಔಷಧಿಯ ಚೀಟಿ ಬರೆಯುವ ಅಧಿಕಾರ ಅದರಿಂದ ಬರುವುದಿಲ್ಲ.

ಈ ನಂಬಿಕೆ ಪೂರ್ತಿ ಸುಳ್ಳಿನಿಂದ ಹುಟ್ಟಿದ್ದಲ್ಲ, ಅರ್ಧ ಸತ್ಯದಿಂದ ಹುಟ್ಟಿದ್ದು. ಅದಕ್ಕೇ ಇಷ್ಟು ಗಟ್ಟಿಯಾಗಿ ನಿಂತಿದೆ. ಅಮೆರಿಕದಲ್ಲಿ ವೈದ್ಯಕೀಯ ಓದುವವರು ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಬೇರೊಂದು ಪದವಿ ಪಡೆದಿರುತ್ತಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಬಯೋಮೆಡಿಸಿನ್ ಪದವಿ ಮುಗಿಸಿದವರಲ್ಲಿ ಕೆಲವರು ಮುಂದೆ ನಾಲ್ಕು ವರ್ಷದ ಎಂ.ಡಿ.ಗೆ (ಅಲ್ಲಿ ಅದು ನಮ್ಮ ಎಂಬಿಬಿಎಸ್‌ನಂತೆ ಡಾಕ್ಟರ್ ಆಗುವ ಮೊದಲ ಪದವಿ) ಸೇರುತ್ತಾರೆ. ಇಂಗ್ಲೆಂಡಿನಲ್ಲಿಯೂ ಪದವೀಧರರಿಗೆಂದೇ ನಾಲ್ಕು ವರ್ಷದ ವೈದ್ಯಕೀಯ ಕೋರ್ಸುಗಳಿವೆ. ಏಜೆಂಟರು ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ಆ ಪ್ರವೇಶಕ್ಕೆ ಮತ್ತೆ ಬೇರೆಯದೇ ಪರೀಕ್ಷೆ ಬರೆಯಬೇಕು, ಸಂದರ್ಶನದಲ್ಲಿ ಗೆಲ್ಲಬೇಕು. ಅಮೆರಿಕದ ಅನೇಕ ವೈದ್ಯಕೀಯ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ, ಇಂಗ್ಲೆಂಡಿನಲ್ಲಿ ಅವರಿಗಿರುವ ಸೀಟುಗಳು ಬಹಳ ಕಡಿಮೆ. ಬಯೋಮೆಡಿಕಲ್ ಪದವಿ ಇದೆ ಎಂಬ ಕಾರಣಕ್ಕೆ ಸೀಟನ್ನು ಯಾರೂ ತೆಗೆದಿರಿಸುವುದಿಲ್ಲ. ಸೀಟು ಸಿಕ್ಕಿತೆಂದೇ ಇಟ್ಟುಕೊಂಡರೂ ಮೂರು ಮತ್ತು ನಾಲ್ಕು ಸೇರಿ ಏಳು ವರ್ಷ ನೀವು ವಿದೇಶಿ ವಿದ್ಯಾರ್ಥಿಯ ಶುಲ್ಕವನ್ನೇ ತುಂಬುತ್ತಿರಬೇಕಾಗುತ್ತದೆ.

ಇಷ್ಟಾದ ಮೇಲೆ ಮಗಳು ವಿಜಯಪುರಕ್ಕೆ ಬಂದು ದವಾಖಾನೆ ತೆರೆಯುತ್ತೇನೆ ಎಂದರೆ ಆಗ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳು ಎದುರಾಗುತ್ತವೆ. ಹೊರಗೆ ವೈದ್ಯಕೀಯ ಓದುವ ಭಾರತೀಯರಿಗೂ 2018ರಿಂದ ನೀಟ್ ಅರ್ಹತೆ ಕಡ್ಡಾಯ. 2021ರ ನಿಯಮಗಳ ಪ್ರಕಾರ ಅಲ್ಲಿನ ವೈದ್ಯಕೀಯ ಕೋರ್ಸ್ ಕನಿಷ್ಠ 54 ತಿಂಗಳಿನದ್ದಾಗಿರಬೇಕು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್ ಆಗಿರಬೇಕು, ಮರಳಿ ಬಂದ ಮೇಲೆ ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಾಲ್ಕು ವರ್ಷದ ಕೋರ್ಸ್ ಎಂದರೆ 48 ತಿಂಗಳು. 48 ದೊಡ್ಡದೋ 54 ದೊಡ್ಡದೋ ಎಂಬುದು ಮೂರನೆಯ ಇಯತ್ತೆಯ ಲೆಕ್ಕ. ಈ ಲೆಕ್ಕವನ್ನು ಏಜೆಂಟರ ಮುಂದಿಟ್ಟು, ಆಯೋಗದ ನಿಯಮಕ್ಕೆ ಈ ಕೋರ್ಸ್ ಹೇಗೆ ಹೊಂದುತ್ತದೆ ಎಂದು ಬರವಣಿಗೆಯಲ್ಲಿ ಉತ್ತರ ಕೇಳಿ. ಬಾಯಿಮಾತಿನ ಭರವಸೆಗೆ ಹೊಲ ಅಡವಿಡಬೇಡಿ.

ಇದರ ತಮ್ಮನಂತಹ ಇನ್ನೊಂದು ನಂಬಿಕೆಯೂ ಇದೆ: ಡಾಕ್ಟರ್ ಆಗದಿದ್ದರೂ ಇಂಗ್ಲೆಂಡಿನ ಆಸ್ಪತ್ರೆಯ ಲ್ಯಾಬಿನಲ್ಲಿ ನೌಕರಿಯಂತೂ ಖಾತ್ರಿ ಎಂಬುದು. ಅಲ್ಲಿ ‘ಬಯೋಮೆಡಿಕಲ್ ಸೈಂಟಿಸ್ಟ್’ ಎಂಬ ಹುದ್ದೆಯ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಆರೋಗ್ಯ ವೃತ್ತಿಗಳ ಮಂಡಳಿಯಲ್ಲಿ ನೋಂದಣಿಯಾಗದವರು ಆ ಹೆಸರನ್ನು ಬಳಸುವಂತಿಲ್ಲ. ನೋಂದಣಿಗೆ ಮಾನ್ಯತೆಯುಳ್ಳ ಪದವಿಯ ಜೊತೆಗೆ ಅನುಮೋದಿತ ಪ್ರಯೋಗಾಲಯದಲ್ಲಿ ತರಬೇತಿಯೂ ಆಗಿರಬೇಕು. ಒಂದು ವರ್ಷದ ಎಂ.ಎಸ್ಸಿ. ಮುಗಿಸಿದ ಮಾತ್ರಕ್ಕೆ ನೋಂದಣಿ ಸಿಗುವುದಿಲ್ಲ. ಕೋರ್ಸಿನ ಹೆಸರಿನ ಮುಂದೆ ಮಾನ್ಯತೆ ಇದೆಯೇ, ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿ ಸೇರಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಅರ್ಜಿ ಹಾಕಬಾರದು.

ಇನ್ನು ಇಲ್ಲಿನ ಮಾತು. ಒಳ್ಳೆಯ ವೈದ್ಯ ವಿಜ್ಞಾನ ನಡೆಯುವುದು ಸಮುದ್ರದಾಚೆ ಎಂಬ ಕೀಳರಿಮೆ ನಮ್ಮ ಭಾಗದಲ್ಲಿ ಹೆಚ್ಚು. ಅದನ್ನು ಕೇಳಿದಾಗಲೆಲ್ಲ ನಾನು ತರಗತಿಯಲ್ಲಿ ಬೆಳಗಾವಿಯ ಒಂದು ಅಧ್ಯಯನದ ಕಥೆ ಹೇಳುತ್ತೇನೆ. ಹೆರಿಗೆಯಾದ ಮೇಲೆ ವಿಪರೀತ ರಕ್ತಸ್ರಾವವಾಗಿ ತಾಯಂದಿರು ಸಾಯುವುದನ್ನು ತಡೆಯಲು, ಫ್ರಿಜ್ ಬೇಡದ, ಸೂಜಿ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ ಸಾಕಾದೀತೇ ಎಂಬ ಪ್ರಶ್ನೆ ಇತ್ತು. ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳಲ್ಲಿ 1,620 ಹೆಂಗಸರನ್ನು ಸೇರಿಸಿಕೊಂಡು, ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರೂ ಅಮೆರಿಕದ ಸಂಶೋಧಕರೂ ಕೂಡಿ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಬಾಣಂತಿಯರಿಗೆ ಆ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ ಔಷಧಿಯಿಲ್ಲದ ಮಾತ್ರೆ. ಕೊಟ್ಟವರು ನಮ್ಮ ಎಎನ್‌ಎಂ ಸಿಸ್ಟರ್‌ಗಳು. ಅತಿರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಆ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉಪಯೋಗಕ್ಕಾಗಿ ಈ ಔಷಧಿಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಏರಲಿ. ರೋಗಿಗಳೂ ಪ್ರಶ್ನೆಗಳೂ ಇರುವಲ್ಲಿಯೇ ವಿಜ್ಞಾನವೂ ಇರುತ್ತದೆ, ಅವೆರಡಕ್ಕೂ ನಮ್ಮಲ್ಲಿ ಕೊರತೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯೂ ಬೆಳಗಾವಿಯಲ್ಲಿಯೇ ಇದೆ ಎಂಬುದು ಅದರ ಮುಂದೆ ಹಾದುಹೋಗುವ ಎಷ್ಟೋ ಜನರಿಗೆ ಗೊತ್ತಿಲ್ಲ.

ಪದವಿಗೆ ‘ಬಯೋಮೆಡಿಕಲ್ ಸೈನ್ಸ್’ ಎಂಬ ಹೆಸರೇ ಇರಬೇಕೆಂಬ ಹಟ ಬೇಡ. ಅದೇ ಹೆಸರು ಬೇಕೆಂದರೆ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಆ ಆನರ್ಸ್ ಪದವಿ ಇದೆ, ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಸಂಶೋಧನೆಯೇ ಗುರಿಯಾದರೆ ಪುಣೆ, ತಿರುಪತಿ ಮುಂತಾದ ಏಳು ಕಡೆ ಇರುವ ಐಸರ್‌ಗಳ, ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ, ಐದು ವರ್ಷದ ಕೋರ್ಸಿಗೆ ಅವರದೇ ಪ್ರವೇಶ ಪರೀಕ್ಷೆ ಬರೆಸಿ. ಎರಡೂ ಆಗದಿದ್ದರೆ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಒಳ್ಳೆಯ ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಿಶಾಸ್ತ್ರ ಇಲ್ಲವೇ ಜೀವರಸಾಯನಶಾಸ್ತ್ರದ ಬಿ.ಎಸ್ಸಿ. ಮಾಡಿ, ಆಮೇಲೆ ಜ್ಯಾಮ್ ಅಥವಾ ಗ್ಯಾಟ್-ಬಿ ಎಂಬ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆದು ದೊಡ್ಡ ಸಂಸ್ಥೆಯ ಎಂ.ಎಸ್ಸಿ. ಸೇರುವ ದಾರಿ ಎಲ್ಲರಿಗೂ ತೆರೆದೇ ಇದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಪ್ರಾಯೋಗಿಕ ತರಗತಿ ನಡೆಯುವ ಹೊತ್ತಿಗೆ ಹೋಗಿ, ದ್ರವವನ್ನು ಅಳೆದು ಹಾಕುವ ಪಿಪೆಟ್ ಯಾರ ಕೈಯಲ್ಲಿದೆ ಎಂದು ನೋಡಿ. ಒಬ್ಬರು ಮಾಡಿ ತೋರಿಸುತ್ತ ಮೂವತ್ತು ಮಕ್ಕಳು ಜರ್ನಲ್‌ನಲ್ಲಿ ಬರೆದುಕೊಳ್ಳುತ್ತಿದ್ದರೆ ಆ ಕಾಲೇಜು ಬೇಡ. ಅಲ್ಲಿನ ಅಧ್ಯಾಪಕರ ಹೆಸರನ್ನು ಮಗಳಿಂದಲೇ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ಹುಡುಕಿಸಿ. ಖರ್ಚಿಲ್ಲದ ಕೆಲಸ, ಅವರು ಈಚೆಗೆ ಏನಾದರೂ ಸಂಶೋಧನೆ ಪ್ರಕಟಿಸಿದ್ದಾರೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹೊರದೇಶವನ್ನು ಪಿಎಚ್.ಡಿ.ಗೆ ಇಟ್ಟುಕೊಳ್ಳಿ ಎಂದೆನಲ್ಲ, ಅದಕ್ಕೆ ಕಾರಣ ದುಡ್ಡು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ಕ್ಷೇತ್ರದ ಪಿಎಚ್.ಡಿ. ವಿದ್ಯಾರ್ಥಿಗೆ ಸಾಮಾನ್ಯವಾಗಿ ಶುಲ್ಕ ಇರುವುದಿಲ್ಲ, ಜೊತೆಗೆ ಜೀವನಕ್ಕೆ ಹಣವನ್ನೂ ಕೊಡುತ್ತಾರೆ. ಜರ್ಮನಿಯಲ್ಲಿ ಅದು ಹೆಚ್ಚಾಗಿ ಸಂಬಳದ ಕೆಲಸವೇ. ನಮ್ಮಲ್ಲಿಯೂ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಪದವಿಯಲ್ಲಿ ನೀವು ದುಡ್ಡು ಕೊಟ್ಟು ಕಲಿಯುತ್ತೀರಿ, ಪಿಎಚ್.ಡಿ.ಯಲ್ಲಿ ಅವರು ದುಡ್ಡು ಕೊಟ್ಟು ಕಲಿಸುತ್ತಾರೆ. ಎಂ.ಎಸ್ಸಿ.ಗೆ ಹೋಗಲೇಬೇಕೆಂದರೆ ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನೆನಪಿರಲಿ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿ ತೋರಿಸಬೇಕಾಗುತ್ತದೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಎಂ.ಎಸ್ಸಿ. ಮತ್ತು ಪಿಎಚ್.ಡಿ.ಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ.

ನೀವು ಕೇಳಲಿಲ್ಲ, ಆದರೂ ಒಂದು ಮಾತು ಹೇಳುತ್ತೇನೆ. ನೀಟ್ ಕೈತಪ್ಪಿದ ಮನೆಗಳಲ್ಲಿ ಬಿ.ಎಸ್ಸಿ. ಎಂಎಲ್‌ಟಿ, ಅಂದರೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಹೆಸರೆತ್ತಿದರೆ ಮುಖ ಸಣ್ಣದಾಗುತ್ತದೆ. ‘ರಕ್ತ ತೆಗೆಯುವ ಕೆಲಸ’ ಎಂದು ಕೈ ಕೊಡವುತ್ತಾರೆ. ವಾಂತಿಭೇದಿಯಿಂದ ಬಳಲುವ ಕೂಸಿನ ರಕ್ತದಲ್ಲಿ ಸೋಡಿಯಂ ಎಷ್ಟಿದೆ ಎಂದು ಹೇಳುವವರು, ನಡುರಾತ್ರಿ ಬಾಣಂತಿಗೆ ಕೊಡುವ ರಕ್ತ ಹೊಂದುತ್ತದೆಯೇ ಎಂದು ಪರೀಕ್ಷಿಸುವವರು ಅವರೇ. ಅವರ ಒಂದು ತಪ್ಪಿಗೆ ಜೀವ ಹೋಗಬಹುದು. ಸಂಸತ್ತು 2021ರಲ್ಲಿ ಈ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದ್ದು ಇದಕ್ಕೇ. ಬೇಗ ದುಡಿಮೆಗೆ ನಿಲ್ಲಬೇಕಾದ ಮನೆಯ ಮಗುವಿಗೆ, ನಮ್ಮ ಭಾಗದ ಆಸ್ಪತ್ರೆಗಳಲ್ಲಿ ಕೆಲಸ ಮಾಡಬಯಸುವ ಮಗುವಿಗೆ, ಬಯೋಮೆಡಿಕಲ್ ಸೈನ್ಸ್‌ಗಿಂತ ಇದು ಹತ್ತಿರದ ದಾರಿ. ‘ಫಲಿತಾಂಶ ಹೀಗೇಕೆ ಬಂತು’ ಎಂದು ಹತ್ತು ವರ್ಷ ಬೆನ್ನು ಹತ್ತುವ ಸ್ವಭಾವದ ಮಗುವಿಗೆ ಬಯೋಮೆಡಿಕಲ್. ನಿಮ್ಮ ಮಗಳು ಯಾವ ಸ್ವಭಾವದವಳು ಎಂಬುದನ್ನು ನಾನು ಇಲ್ಲಿ ಕುಳಿತು ಹೇಳಲಾರೆ. ಅರ್ಜಿ ತುಂಬುವ ಮೊದಲು ಪರಿಚಯದ ಆಸ್ಪತ್ರೆಯೊಂದರಲ್ಲಿ ಅನುಮತಿ ಕೇಳಿ, ಅಲ್ಲಿನ ಲ್ಯಾಬಿನಲ್ಲಿ ಅವಳನ್ನು ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಇರಲು ಬಿಡಿ. ಆಮೇಲೆ ಅವಳನ್ನೇ ನನ್ನ ಬಳಿ ಕಳಿಸಿ, ನೀವು ಜೊತೆಗೆ ಬರುವುದು ಬೇಡ.