ಮುಖದ ಕೆಂಪು ಎಲ್ಲಿ ಹೋಯಿತು?

ಸಮಾರಂಭಗಳಲ್ಲಿ ಒಳಾಂಗಣದಲ್ಲಿ ತೆಗೆದ ಫೋಟೋಗಳನ್ನು ನೋಡಿ. ಕೆಲವು ಮುಖಗಳು ಕಿತ್ತಳೆಗೆ ತಿರುಗಿರುತ್ತವೆ, ಕೆಲವು ಕಾಯಿಲೆ ಬಿದ್ದವರಂತೆ ಹಸಿರು ಹೊಡೆಯುತ್ತವೆ. ಬೈಗುಳ ಕ್ಯಾಮೆರಾಕ್ಕೆ ಬೀಳುತ್ತದೆ. ಆದರೆ ಬಹಳ ಸಲ ಅದು ತನ್ನ ಮುಂದಿದ್ದ ಬೆಳಕನ್ನೇ ಹಿಡಿದಿರುತ್ತದೆ. ಅಲ್ಲೇ ಇದ್ದ ನಮಗೆ ಅದು ಗೊತ್ತಾಗಿರುವುದಿಲ್ಲ, ಅಷ್ಟೇ. ನಮ್ಮ ಮೆದುಳು ಬೆಳಕಿನ ಬಣ್ಣಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಹಳದಿ ಬಲ್ಬಿನ ಕೆಳಗೂ ಬಿಳಿ ಅಂಗಿ ನಮಗೆ ಬಿಳಿಯಾಗಿಯೇ ಕಾಣುತ್ತದೆ.

ಚರ್ಮದ ಬಣ್ಣ ಗೋಡೆಗೆ ಬಳಿದ ಬಣ್ಣದಂತಲ್ಲ. ಬೆಳಕು ಚರ್ಮದೊಳಗೆ ಇಳಿದು, ಚದುರಿ, ಮತ್ತೆ ಹೊರಗೆ ಬರುತ್ತದೆ. ಮೇಲಿನ ಪದರದ ಮೆಲನಿನ್ ಎಂಬ ವರ್ಣದ್ರವ್ಯ ಅದರಲ್ಲಿ ಒಂದಿಷ್ಟನ್ನು ಹೀರುತ್ತದೆ, ನೀಲಿಯನ್ನಂತೂ ಜಾಸ್ತಿ. ಕೆಳಗಿನ ರಕ್ತದ ಹಿಮೋಗ್ಲೋಬಿನ್ 540ರಿಂದ 580 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಹಸಿರು, ಹಳದಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. 600 ದಾಟಿದ ಕೆಂಪು ಮಾತ್ರ ಹೆಚ್ಚಾಗಿ ಪಾರಾಗಿ ಬರುತ್ತದೆ. ಮುಖಕ್ಕೆ ಕಳೆ ಕೊಡುವುದು ಈ ಕೆಂಪೇ. ಮೈಬಣ್ಣ ಯಾವುದೇ ಇರಲಿ, ಮುಖ್ಯವಾಗಿ ಮೆಲನಿನ್, ಹಿಮೋಗ್ಲೋಬಿನ್ ಇವೆರಡರದೇ ಕೆಲಸ. ಅದಕ್ಕೇ ವಿಡಿಯೋ ಬಣ್ಣ ತಿದ್ದುವವರು ಬಣ್ಣಗಳನ್ನು ಗ್ರಾಫಿನಲ್ಲಿ ನೋಡಲು ಬಳಸುವ ವೆಕ್ಟರ್‌ಸ್ಕೋಪಿನಲ್ಲಿ ಎಲ್ಲ ಬಗೆಯ ಮೈಬಣ್ಣಗಳೂ ಹೆಚ್ಚುಕಡಿಮೆ ಒಂದೇ ಗೆರೆಯ ಹತ್ತಿರ ಬಂದು ನಿಲ್ಲುತ್ತವೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಹಾಗಾದರೆ ಬೆಳಕಿನಲ್ಲಿ ಕೆಂಪು ಇರಲೇಬೇಕು, ಅಲ್ವಾ? ಹಳೆಯ ತಂತಿ ಬಲ್ಬಿನಲ್ಲಿ ಅದು ಧಾರಾಳ. ಅಗ್ಗದ ಎಲ್‌ಇಡಿಯಲ್ಲೇ ತೊಂದರೆ. ಅದರೊಳಗೆ 450 ನ್ಯಾನೋಮೀಟರ್ ಸುಮಾರಿನ ನೀಲಿ ಬೆಳಕು ಹುಟ್ಟುತ್ತದೆ. ಮೇಲಿನ ಫಾಸ್ಫರ್ ಲೇಪ ಅದರ ಒಂದು ಭಾಗವನ್ನು ಹಳದಿಯಾಗಿಸುತ್ತದೆ. ಎರಡೂ ಸೇರಿ ಕಣ್ಣಿಗೆ ಬಿಳಿ, ಆದರೆ ಗಾಢ ಕೆಂಪು ತೀರಾ ಕಡಿಮೆ. ದೀಪ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂದು ಹೇಳುವ, ಡಬ್ಬಿಯ ಮೇಲಿನ ಸಿಆರ್‌ಐ ಅಂಕಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಅದು 8 ಮಾದರಿ ಬಣ್ಣಗಳ ಸರಾಸರಿ, ಎಲ್ಲವೂ ತಿಳಿಬಣ್ಣಗಳು. ಗಾಢ ಕೆಂಪನ್ನು ಅಳೆಯುವ ಆರ್9 ಆ ಲೆಕ್ಕದಲ್ಲಿ ಸೇರುವುದೇ ಇಲ್ಲ.

ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಇದನ್ನು ಸರಿಮಾಡುವುದಿಲ್ಲವೇ? ಅದು ಮಾಡುವುದು ಬರೀ ಗುಣಾಕಾರ. ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆ ಸಂಖ್ಯೆಯಿಂದ ಹೆಚ್ಚಿಸುತ್ತದೆ. ಬೆಳಕಿನಲ್ಲಿ ಇಲ್ಲದ್ದನ್ನು ಅದು ತರಲಾರದು.

ಇನ್ನೂ ದೊಡ್ಡ ತಲೆನೋವು ಬೆರಕೆ ಬೆಳಕು. ಕೋಣೆಯ ಬಲ್ಬು ಸುಮಾರು 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಅಂಕಿ ಹೆಚ್ಚಿದಷ್ಟೂ ನೀಲಿಯ ಕಡೆಗೆ), ಫ್ಲ್ಯಾಶ್ ಸುಮಾರು 5500. ಫ್ಲ್ಯಾಶಿಗೆ ಹೊಂದಿಸಿದರೆ ಹಿನ್ನೆಲೆ ಕಿತ್ತಳೆ, ಬಲ್ಬಿಗೆ ಹೊಂದಿಸಿದರೆ ಮುಖ ನೀಲಿ. ಒಂದೇ ಮುಖದ ಒಂದು ಕೆನ್ನೆಗೆ ಇದು, ಇನ್ನೊಂದಕ್ಕೆ ಅದು ಬಿದ್ದರಂತೂ ಯಾವ ಸೆಟ್ಟಿಂಗೂ ಎರಡನ್ನೂ ಸರಿಮಾಡದು. ಫ್ಲ್ಯಾಶಿನ ಮೇಲೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿ, ಅದನ್ನೇ ಬಲ್ಬಿನ ಬಣ್ಣಕ್ಕೆ ತನ್ನಿ. ಆಮೇಲೆ ಮುಖ ಇರುವ ಜಾಗದಲ್ಲೇ ಗ್ರೇ ಕಾರ್ಡ್ (ಬೇರೆ ಬಣ್ಣದ ಛಾಯೆಯಿಲ್ಲದ ಬೂದು ಹಾಳೆ) ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ. ಇಷ್ಟು ಅಗ್ಗದಲ್ಲಿ ಇಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಫ್ಲ್ಯಾಶನ್ನು ಚಾವಣಿಗೆ ತಿರುಗಿಸಿದರೆ ಬೆಳಕು ಮೆತ್ತಗಾಗುತ್ತದೆ, ನಿಜ. ಆದರೆ ಚಾವಣಿಯ ಬಣ್ಣವೂ ಅದರ ಜೊತೆ ಮುಖಕ್ಕೆ ಇಳಿಯುತ್ತದೆ.

ಎಕ್ಸ್‌ಪೋಶರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ತಪ್ಪಿದರೂ ಬಣ್ಣ ಕೆಡುತ್ತದೆ. ಬಲ್ಬಿನ ಬೆಳಕಿನಲ್ಲಿ ಮುಖದ ಕೆಂಪು ಚಾನೆಲ್ಲೇ ಸಾಮಾನ್ಯವಾಗಿ ಮೊದಲು ತುಂಬಿಹೋಗುತ್ತದೆ. ಆಗ ಹಣೆ, ಕೆನ್ನೆಗಳ ಮೇಲೆ ಸಪ್ಪೆ ಹಳದಿ ಮಚ್ಚೆಗಳು ಏಳುತ್ತವೆ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಗ್ರಾಫು, ಅಂದರೆ ಹಿಸ್ಟೋಗ್ರಾಮ್, ಒಂದೇ ಬಿಳಿಯದಾಗಿದ್ದರೆ ಇದನ್ನು ಮುಚ್ಚಿಡಬಹುದು. ಮೂರು ಬಣ್ಣದ್ದನ್ನು ಬೇರೆ ಬೇರೆಯಾಗಿ ನೋಡಿ. ಸೆನ್ಸರ್ ಹಿಡಿದದ್ದನ್ನು ಹೆಚ್ಚುಕಡಿಮೆ ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ತಿದ್ದಲು ಜಾಗ ಇರುತ್ತದೆ, ಜೆಪೆಗ್‌ನಲ್ಲಿ ಅಷ್ಟಿಲ್ಲ.

ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿನ ದೃಶ್ಯವನ್ನು ನಡು ಬೂದು ಎಂದೇ ಎಣಿಸುತ್ತದೆ. ಬಿಳಿ ಬಟ್ಟೆ ತೊಟ್ಟ ಕಪ್ಪು ಮೈಬಣ್ಣದವರ ಮುಖ ಇದರಿಂದ ಕತ್ತಲಲ್ಲಿ ಮುಳುಗುತ್ತದೆ. ಆದ್ದರಿಂದ ಮುಖದ ಮೇಲೇ ಅಳೆಯಿರಿ. ಫಿಲ್ಮ್ ಕಾಲದಲ್ಲಿ ಲ್ಯಾಬುಗಳು ಬಣ್ಣ ಹೊಂದಿಸಲು ಬಳಸಿದ ಕೊಡಾಕ್‌ನ 'ಶರ್ಲಿ ಕಾರ್ಡ್'ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯರ ಮುಖಗಳೇ. ಉಳಿದವರ ಮೈಬಣ್ಣ ಸರಿಯಾಗಿ ಬರದಿದ್ದಾಗ ಅದನ್ನು ಬಹಳ ಕಾಲ ಹೆಚ್ಚಿನವರು ಅಳತೆಗೋಲಿನ ತಪ್ಪು ಅಂದುಕೊಳ್ಳಲಿಲ್ಲ. ಇದು ಸಣ್ಣ ಅನ್ಯಾಯವಲ್ಲ.

ವೇದಿಕೆಯ ನೀಲಿ ದೀಪ ಮಾತ್ರ ಬಿದ್ದ ಮುಖಕ್ಕೆ ಈ ಯಾವ ಉಪಾಯವೂ ನಾಟುವುದಿಲ್ಲ. ಕೆಂಪು, ಹಸಿರು ಚಾನೆಲ್‌ಗಳಲ್ಲಿ ಬಹುತೇಕ ಏನೂ ಇರುವುದಿಲ್ಲ. ಅಂಥ ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ. ಇಲ್ಲವೇ ದೀಪ ಬದಲಾಗುವವರೆಗೆ ಕಾಯಿರಿ.