ವಿಮರ್ಶಕರು ಬೇಡ ಅಂದಮೇಲೂ ಸಂಪಾದಕರು ಅಚ್ಚು ಹಾಕಿಸಬಹುದಾ?

ಪ್ರಶ್ನೆ: ವೈದ್ಯಕೀಯ ಪುಸ್ತಕವೊಂದರ ಕರಡು ಓದಿದ ತಜ್ಞರು ಒಂದು ಭಾಗ ತಪ್ಪು ಅನ್ನುತ್ತಾರೆ. ಸಂಪಾದಕರು ಒಪ್ಪುವುದಿಲ್ಲ. ಆಗ ಕೊನೆಯ ಮಾತು ಯಾರದ್ದು?

ಉತ್ತರ: ಸಾಮಾನ್ಯವಾಗಿ ಸಂಪಾದಕರದ್ದೇ. ವಿಮರ್ಶಕರು ಕೊಡುವುದು ಸಲಹೆ ಅಷ್ಟೆ, ಪುಸ್ತಕ ತಡೆಯುವ ಅಧಿಕಾರ ಅವರಿಗಿಲ್ಲ. ಆದರೆ ಗಟ್ಟಿ ಆಕ್ಷೇಪವೊಂದು ಬಂದಿತ್ತು ಅನ್ನುವುದು ಪುಸ್ತಕ ಓದುವವರಿಗೂ ಗೊತ್ತಾಗಬೇಕು. ಈ ವಿಷಯದಲ್ಲಿ ನಾನು ರಾಜಿ ಆಗಲಾರೆ. ಯಾಕೆ ಅಂತ ಡಿಎಸ್‌ಎಂ ಜಗಳ ನೋಡಿದರೆ ತಿಳಿಯುತ್ತದೆ.

ಡಿಎಸ್‌ಎಂ ಅಂದರೆ ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಕೈಪಿಡಿ. ಯಾವ ಲಕ್ಷಣ ಎಷ್ಟು ದಿನ ಇದ್ದರೆ ಯಾವ ಕಾಯಿಲೆ ಅಂತ ಅದು ಹೇಳುತ್ತದೆ. ನಮ್ಮ ದೇಶದಲ್ಲಿ ಮನೋವೈದ್ಯಶಾಸ್ತ್ರ ಕಲಿಯುವವರಿಗೂ ಅದು ಪರಿಚಿತ.

1994ರ ನಾಲ್ಕನೇ ಆವೃತ್ತಿಯಲ್ಲಿ ಒಂದು ವಿನಾಯಿತಿ ಇತ್ತು. ಹತ್ತಿರದವರು ತೀರಿಕೊಂಡ ಮೊದಲ ಎರಡು ತಿಂಗಳಲ್ಲಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಅಳು ನಿಲ್ಲದಿದ್ದರೆ ಅದನ್ನು ಖಿನ್ನತೆಯ ಕಾಯಿಲೆ ಅನ್ನುವಂತಿರಲಿಲ್ಲ. ಆತ್ಮಹತ್ಯೆಯ ಯೋಚನೆಯಂಥ ತೀವ್ರ ಲಕ್ಷಣ ಇದ್ದರೆ ಮಾತ್ರ ಬೇರೆ. ಐದನೇ ಆವೃತ್ತಿಯ ಸಮಿತಿ ಈ ವಿನಾಯಿತಿ ತೆಗೆಯಲು ಹೊರಟಿತು. ಕೆಲಸ ಕಳೆದುಕೊಂಡವರಿಗೆ, ಮದುವೆ ಮುರಿದವರಿಗೆ ಇಲ್ಲದ ವಿನಾಯಿತಿ ಸಾವಿಗೆ ಮಾತ್ರ ಯಾಕೆ? ನಿಜವಾಗಿ ಖಿನ್ನತೆ ಬಂದವರು ಚಿಕಿತ್ಸೆ ಸಿಗದೆ ಉಳಿದುಬಿಡುತ್ತಾರಲ್ವಾ? ಇದು ಸಮಿತಿಯ ವಾದ.

ಜೋರಾಗಿ ವಿರೋಧಿಸಿದವರಲ್ಲಿ ಅಲೆನ್ ಫ್ರಾನ್ಸಿಸ್ ಮುಖ್ಯರು. ನಾಲ್ಕನೇ ಆವೃತ್ತಿಯ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. 2012ರಲ್ಲಿ ಲ್ಯಾನ್ಸೆಟ್ ಅನ್ನುವ ಹೆಸರಾಂತ ವೈದ್ಯಕೀಯ ಪತ್ರಿಕೆ ಕೂಡ ಸಂಪಾದಕೀಯ ಬರೆದು ಆಕ್ಷೇಪಿಸಿತು. ಕಾರಣ ಸರಳ. ಖಿನ್ನತೆ ಅನ್ನಲು ಲಕ್ಷಣಗಳು ಎರಡು ವಾರ ಇದ್ದರೆ ಸಾಕು. ನಮ್ಮ ಎಷ್ಟೋ ಮನೆಗಳಲ್ಲಿ ಅಷ್ಟು ಹೊತ್ತಿಗೆ ಹದಿಮೂರನೇ ದಿನದ ಕಾರ್ಯ ಈಗಷ್ಟೇ ಮುಗಿದಿರುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಆಗಲೇ ಕಾಯಿಲೆಯ ಹೆಸರು ಅಂಟಿಸುವುದಾ? ನನಗೆ ಈ ಆಕ್ಷೇಪ ನ್ಯಾಯವಾದದ್ದು ಅನ್ನಿಸುತ್ತದೆ.

ಕೊನೆಗೆ ಸಮಿತಿಯೇ ಗೆದ್ದಿತು. 2012ರ ಡಿಸೆಂಬರ್‌ನಲ್ಲಿ ಸಂಘದ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು, 2013ರ ಮೇ ತಿಂಗಳಲ್ಲಿ ಪುಸ್ತಕ ಹೊರಬಂತು. ವಿನಾಯಿತಿ ಹೋಯಿತು. ಆದರೆ ಅದೇ ಪುಟದಲ್ಲಿ ಉದ್ದದ ಅಡಿಟಿಪ್ಪಣಿಯೊಂದು ಸೇರಿತು. ಸಾವಿನ ದುಃಖ ಅಲೆಯಂತೆ ಬಂದು ಹೋಗುತ್ತದೆ, ಸತ್ತವರ ನೆನಪಾದಾಗ ಹೆಚ್ಚುತ್ತದೆ, ಆದರೂ ತನ್ನ ಬಗ್ಗೆ ಗೌರವ ಸಾಮಾನ್ಯವಾಗಿ ಉಳಿದಿರುತ್ತದೆ. ಖಿನ್ನತೆಯಲ್ಲಿ ಬೇಸರ ಬಿಡದೆ ಕಾಡುತ್ತದೆ, ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನಿಸುತ್ತದೆ. ವೈದ್ಯರು ಈ ವ್ಯತ್ಯಾಸ ನೋಡಿ ತೀರ್ಮಾನಿಸಬೇಕು ಅನ್ನುವುದು ಆ ಟಿಪ್ಪಣಿಯ ಸಾರ. ಸೋತವರ ವಾದಕ್ಕೂ ಹೀಗೆ ಪುಸ್ತಕದಲ್ಲಿ ಜಾಗ ಸಿಕ್ಕಿತು. ಹೊಸದಾಗಿ ಕಲಿಯುವ ವೈದ್ಯರಿಗೆ ನಿಯಮಕ್ಕಿಂತ ಈ ಟಿಪ್ಪಣಿಯೇ ಜಾಸ್ತಿ ಉಪಯೋಗ ಅಂತ ನನ್ನ ನಂಬಿಕೆ.

ಆಕ್ಷೇಪ ಬಂದಾಗ ಇನ್ನೊಂದು ದಾರಿಯೂ ಇದೆ. ಸೈಕೋಸಿಸ್, ಅಂದರೆ ವಾಸ್ತವದ ಅರಿವೇ ತಪ್ಪಿಹೋಗುವ ತೀವ್ರ ಮನೋರೋಗ, ಪೂರ್ತಿ ಶುರುವಾಗುವ ಮೊದಲೇ ಕಾಣುವ ಸೌಮ್ಯ ಲಕ್ಷಣಗಳನ್ನು ಐದನೇ ಆವೃತ್ತಿಯಲ್ಲಿ ಹೊಸ ಕಾಯಿಲೆಯಾಗಿ ಸೇರಿಸುವ ಪ್ರಸ್ತಾವ ಇತ್ತು. ಅದಕ್ಕೂ ತುಂಬಾ ಟೀಕೆ ಬಂತು. ಅದನ್ನು ಕೈಬಿಡಲಿಲ್ಲ, ಮುಖ್ಯ ಪಟ್ಟಿಗೂ ಸೇರಿಸಲಿಲ್ಲ. ಇನ್ನಷ್ಟು ಅಧ್ಯಯನ ಬೇಕಾದವುಗಳ ಭಾಗಕ್ಕೆ ಹಾಕಿದರು.

ನೀವೇ ವಿಮರ್ಶಕರಾಗಿದ್ದರೆ ಸುಮ್ನೆ "ಇದು ಸರಿಯಿಲ್ಲ" ಅಂತ ಬರೆದು ಕಳಿಸಬೇಡಿ. ಯಾವ ಸಾಲು, ಯಾಕೆ ತಪ್ಪು, ಅದರಿಂದ ರೋಗಿಗೆ ಏನು ತೊಂದರೆ, ಬದಲಿಗೆ ಏನಿರಬೇಕು ಅಂತ ಬರೆಯಿರಿ. ಸಂಪಾದಕರು ಒಪ್ಪದಿದ್ದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ. ಅಡಿಟಿಪ್ಪಣಿಯನ್ನಾದರೂ ಹಾಕಿ ಅಂತ ಒತ್ತಾಯಿಸಿ. ಅದಕ್ಕೂ ಒಪ್ಪದಿದ್ದರೆ, ಕೃತಜ್ಞತೆಯ ಪುಟದಿಂದ ನಿಮ್ಮ ಹೆಸರು ತೆಗೆಯಲು ಹೇಳಬಹುದು.